ಅಧ್ಯಕ್ಷರ ಭಾಮೈದನ ಕೊಟೇಶನ್ ಬಂದಾಗ ಕಮಿಟಿ ಏನು ಮಾಡಬೇಕು?

ಪ್ರಶ್ನೆ: ನಮ್ಮ ಚರ್ಚಿನ ಆಡಳಿತ ಕಮಿಟಿಗೆ ಈಚೆಗೆ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದ್ದಾರೆ. ಚರ್ಚಿನ ಜೊತೆಗೇ ಬಡ ಮಕ್ಕಳ ಓದಿಗೆ ನೆರವಾಗುವ ಒಂದು ಸಣ್ಣ ಟ್ರಸ್ಟ್ ಇದೆ. ಎರಡರಲ್ಲೂ ಹೆಚ್ಚುಕಡಿಮೆ ಅದೇ ಜನ. ಈಗ ಸಭಾಂಗಣದ ಚಾವಣಿ ರಿಪೇರಿ ಆಗಬೇಕಾಗಿದೆ. ಬಂದಿರುವ ಕೊಟೇಶನ್‌ಗಳಲ್ಲಿ ಕಡಿಮೆ ದರದ್ದು ನಮ್ಮ ಅಧ್ಯಕ್ಷರ ಭಾಮೈದನದು. ಆತ ಒಳ್ಳೆಯ ಕೆಲಸಗಾರ. ಇನ್ನು ಲೆಕ್ಕಪತ್ರ ನೋಡಿಕೊಳ್ಳುವವರು ಪಾಸ್ಟರ್ ಅವರ ಪತ್ನಿ, ಅದಕ್ಕೆ ಅವರಿಗೆ ಸಂಬಳವೂ ಇದೆ. ಯಾರ ಮೇಲೂ ನನಗೆ ಸಂಶಯವಿಲ್ಲ. ಆದರೂ ಕಳೆದ ಸಭೆಯಲ್ಲಿ ‘ಇವನ್ನೆಲ್ಲ ಸ್ವಲ್ಪ ಕ್ರಮವಾಗಿ ಮಾಡೋಣವೇ’ ಎಂದು ಕೇಳಿದೆ. ‘ನಮ್ಮನಮ್ಮಲ್ಲೇ ನಂಬಿಕೆ ಇಲ್ಲದಿದ್ದರೆ ದೇವರ ಕೆಲಸ ಹೇಗೆ ನಡೆದೀತು’ ಎಂದು ಹಿರಿಯರೊಬ್ಬರು ತುಂಬ ಬೇಸರಪಟ್ಟರು. ನಾನು ಕೇಳಿದ್ದು ತಪ್ಪೇ? ಇಂಥದ್ದನ್ನು ಹೇಗೆ ನಿಭಾಯಿಸಬೇಕು?

ಉತ್ತರ: ನೀವು ಕೇಳಿದ್ದು ತಪ್ಪಲ್ಲ. ಕಾರ್ಯದರ್ಶಿಯಾಗಿ ಕೇಳಲೇಬೇಕಿತ್ತು. ಆದರೆ ಆ ಹಿರಿಯರ ಬೇಸರವನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ‘ಹಿತಾಸಕ್ತಿ ಸಂಘರ್ಷ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಯಾರೋ ಯಾರನ್ನೋ ಕಳ್ಳ ಎಂದ ಹಾಗೆ ಕೇಳಿಸುತ್ತದೆ. ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದವರಿಗಂತೂ ಅದು ಚುಚ್ಚುತ್ತದೆ. ಆದ್ದರಿಂದ ಮೊದಲು ಆ ಮುಳ್ಳನ್ನು ತೆಗೆಯೋಣ.

ಹಿತಾಸಕ್ತಿ ಸಂಘರ್ಷ ಅಂದರೆ ಒಬ್ಬ ವ್ಯಕ್ತಿ ನಿಂತಿರುವ ಜಾಗ, ಅಷ್ಟೆ. ಸಂಸ್ಥೆಯ ಒಳಿತನ್ನು ನೋಡಬೇಕಾದ ಹೊಣೆ ಒಂದು ಕಡೆ, ತನ್ನದೋ ತನ್ನವರದೋ ಲಾಭ ಇನ್ನೊಂದು ಕಡೆ, ನಡುವೆ ಆತ. ಅಲ್ಲಿ ನಿಂತ ಮಾತ್ರಕ್ಕೆ ಆತ ಏನೂ ಕೆಟ್ಟದ್ದು ಮಾಡಿದ ಹಾಗಾಗಲಿಲ್ಲ. ಭಾಮೈದ ಚಾವಣಿ ಕೆಲಸ ಮಾಡುವವನಾಗಿರುವುದು ನಿಮ್ಮ ಅಧ್ಯಕ್ಷರ ಅಪರಾಧವಲ್ಲ. ತಪ್ಪು ಶುರುವಾಗುವುದು ಆ ವಿಷಯವನ್ನು ಹೇಳದೆ ಇದ್ದಾಗ, ಇಲ್ಲವೇ ಹೇಳಿಯೂ ಅದೇ ಕುರ್ಚಿಯಲ್ಲಿ ಕೂತು ತೀರ್ಮಾನಕ್ಕೆ ಕೈ ಹಾಕಿದಾಗ. ‘ನಾನು ಪ್ರಾಮಾಣಿಕ, ನನಗೆ ಇದೆಲ್ಲ ಯಾಕೆ’ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಈ ಕ್ರಮ ಬೇಕಾಗಿರುವುದೇ ಪ್ರಾಮಾಣಿಕರಿಗೆ. ನಾಳೆ ಯಾರಾದರೂ ಬೆರಳು ತೋರಿಸಿದರೆ ಅವರ ಪರವಾಗಿ ಮಾತಾಡುವ ಕಾಗದ ಒಂದಾದರೂ ಇರಬೇಕಲ್ಲ?

ಈ ತತ್ತ್ವ ಎಷ್ಟು ಹಳೆಯದು, ಎಷ್ಟು ಕಟ್ಟುನಿಟ್ಟಿನದು ಎಂಬುದಕ್ಕೆ 1726ರ ಒಂದು ಇಂಗ್ಲಿಷ್ ಮೊಕದ್ದಮೆಯನ್ನು ನಿಮ್ಮ ಕಮಿಟಿಯಲ್ಲಿ ಹೇಳಿ. ಕೀಚ್ ಮತ್ತು ಸ್ಯಾಂಡ್‌ಫರ್ಡ್ ನಡುವಿನ ವ್ಯಾಜ್ಯ. ರಮ್‌ಫರ್ಡ್ ಎಂಬಲ್ಲಿನ ಮಾರುಕಟ್ಟೆಯ ಆದಾಯದ ಗುತ್ತಿಗೆಯನ್ನು ಒಬ್ಬ ಟ್ರಸ್ಟಿ ಒಂದು ಮಗುವಿನ ಪರವಾಗಿ ನೋಡಿಕೊಳ್ಳುತ್ತಿದ್ದ. ಗುತ್ತಿಗೆಯ ಅವಧಿ ಮುಗಿಯುತ್ತ ಬಂದಾಗ ಅದನ್ನು ಮಗುವಿನ ಹೆಸರಿಗೇ ನವೀಕರಿಸಿಕೊಡಿ ಎಂದು ಕೇಳಿದ. ಮಾಲೀಕ ಒಪ್ಪಲಿಲ್ಲ. ಆಮೇಲೆ ಟ್ರಸ್ಟಿ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡ. ಇಲ್ಲಿ ಮೋಸ ಎಲ್ಲಿದೆ? ಮಗುವಿಗಂತೂ ಅದು ಸಿಗುವ ಹಾಗಿರಲಿಲ್ಲ. ಆದರೂ ಲಾರ್ಡ್ ಚಾನ್ಸೆಲರ್ ಆಗಿದ್ದ, ಕಿಂಗ್ ಎಂಬ ಹೆಸರಿನ ನ್ಯಾಯಾಧೀಶರು ಕೊಟ್ಟ ತೀರ್ಪು: ಗುತ್ತಿಗೆಯನ್ನು ಮಗುವಿಗೆ ವಹಿಸು, ಬಂದ ಲಾಭದ ಲೆಕ್ಕ ಕೊಡು. ಪ್ರಪಂಚದಲ್ಲಿ ಯಾರು ಬೇಕಾದರೂ ಆ ಗುತ್ತಿಗೆ ಪಡೆಯಬಹುದಿತ್ತು, ಟ್ರಸ್ಟಿ ಒಬ್ಬನನ್ನು ಬಿಟ್ಟು. ಕಾರಣ ಸರಳ. ‘ಕೇಳಿದೆ, ಕೊಡಲಿಲ್ಲ, ಹಾಗಾಗಿ ನಾನು ತೆಗೆದುಕೊಂಡೆ’ ಎಂಬುದನ್ನು ಒಮ್ಮೆ ಒಪ್ಪಿದರೆ, ಮುಂದಿನ ಟ್ರಸ್ಟಿ ಗಟ್ಟಿಯಾಗಿ ಕೇಳುತ್ತಾನೆಯೇ? ಅವನು ಎಷ್ಟು ಮನಸ್ಸಿಟ್ಟು ಕೇಳಿದ ಎಂಬುದನ್ನು ಅಳೆಯುವ ತಕ್ಕಡಿ ಯಾವ ಕೋರ್ಟಿನಲ್ಲೂ ಇಲ್ಲ. ಮನಸ್ಸನ್ನು ಪರೀಕ್ಷಿಸಲಾಗದು ಎಂಬ ಕಾರಣಕ್ಕೇ ಆತ ನಿಂತಿರುವ ಜಾಗದ ಮೇಲೆ ನಿಯಮ ಬಂತು. ಭಾರತದ 1882ರ ಟ್ರಸ್ಟ್ ಕಾಯ್ದೆಯ 51 ಮತ್ತು 52ನೇ ಕಲಮುಗಳೂ ಇದೇ ಜಾಡಿನವು: ಟ್ರಸ್ಟಿ ಟ್ರಸ್ಟಿನ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸುವಂತಿಲ್ಲ, ಮಾರಬೇಕಾದ ಹೊಣೆ ಹೊತ್ತವನೇ ಅದನ್ನು ಕೊಳ್ಳುವಂತಿಲ್ಲ. ಆ ಕಾಯ್ದೆ ಬರೆದದ್ದು ಖಾಸಗಿ ಟ್ರಸ್ಟ್‌ಗಳಿಗಾಗಿ. ಆದರೆ ಸಾರ್ವಜನಿಕರ ಕಾಣಿಕೆ ಹಿಡಿದವರಿಗೆ ಇದಕ್ಕಿಂತ ಸಡಿಲವಾದ ಅಳತೆ ಇರಬೇಕು ಎಂದು ಯಾರು ತಾನೇ ವಾದಿಸಿಯಾರು?

ಈಗ ಚಾವಣಿಗೆ ಬರೋಣ. ಭಾಮೈದನಿಗೆ ಕೆಲಸ ಕೊಡಲೇಬಾರದು ಎಂದು ನಾನು ಹೇಳುವುದಿಲ್ಲ. ಸಂಸ್ಥೆಗೆ ನಿಜಕ್ಕೂ ಅದು ಲಾಭವಾದರೆ, ನಿಮ್ಮ ಬೈಲಾದಲ್ಲೂ ನೀವಿರುವಲ್ಲಿನ ಕಾನೂನಿನಲ್ಲೂ ಅಡ್ಡಿ ಇಲ್ಲದಿದ್ದರೆ, ಕೊಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಧರ್ಮಾರ್ಥ ಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ ತನ್ನ ಮಾರ್ಗದರ್ಶಿಯಲ್ಲಿ ಹೇಳುವುದು ಮೂರು ಮಾತು: ಸಂಘರ್ಷವನ್ನು ಗುರುತಿಸಿ, ಅದು ತೀರ್ಮಾನದ ಮೇಲೆ ಪರಿಣಾಮ ಬೀರದ ಹಾಗೆ ತಡೆಯಿರಿ, ಬರೆದಿಡಿ. ಕೇಳಲು ಸುಲಭ. ತೊಡಕಾಗುವುದು ನಡುವಿನದು. ಬಹಳ ಕಮಿಟಿಗಳಲ್ಲಿ ನಾನು ಕಂಡಿರುವುದು ಹೀಗೆ. ಅಧ್ಯಕ್ಷರು ‘ಇವನು ನಮ್ಮ ಭಾಮೈದ, ನಿಮಗೆಲ್ಲ ಗೊತ್ತೇ ಇದೆ, ನಾನೇನೂ ಹೇಳುವುದಿಲ್ಲ, ನೀವೇ ತೀರ್ಮಾನ ಮಾಡಿ’ ಎಂದು ಹೇಳಿ ಅಲ್ಲಿಯೇ ಕೂತಿರುತ್ತಾರೆ. ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ‘ಆಗಲಿ ಬಿಡಿ, ಒಳ್ಳೆ ಹುಡುಗ’ ಎಂದು ಯಾರೋ ಅನ್ನುತ್ತಾರೆ. ಐದು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ಅಧ್ಯಕ್ಷರು ಮಾತಾಡಿಲ್ಲ ನಿಜ. ಆದರೆ ಅವರ ಎದುರು ಅವರ ಬಂಧುವಿನ ಕೆಲಸದ ಗುಣಮಟ್ಟವನ್ನು ಪ್ರಶ್ನಿಸುವ ಧೈರ್ಯ ಯಾರಿಗಿದೆ? ಆದ್ದರಿಂದ ಅವರು ಎದ್ದು ಹೊರಗೆ ಹೋಗಬೇಕು. ಬಾಗಿಲು ಹಾಕಬೇಕು. ಆ ವಿಷಯ ಬರುವ ಮೊದಲೇ ಉಪಾಧ್ಯಕ್ಷರಿಗೋ ಇನ್ನೊಬ್ಬರಿಗೋ ಸಭೆ ನಡೆಸುವ ಹೊಣೆ ಒಪ್ಪಿಸಬೇಕು. ಹೋಗುವ ಮುನ್ನ ಸದಸ್ಯರಿಗೆ ಏನಾದರೂ ಮಾಹಿತಿ ಬೇಕಿದ್ದರೆ ಕೇಳಲಿ, ಅವರು ಉತ್ತರಿಸಲಿ. ಆಮೇಲೆ ಚರ್ಚೆಗೂ ಇಲ್ಲ, ಮತಕ್ಕೂ ಇಲ್ಲ. ಅವರನ್ನು ಬಿಟ್ಟು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಸಂಖ್ಯೆ, ಉಳಿಯುತ್ತದೆಯೇ ಎಂದು ಮೊದಲೇ ಎಣಿಸಿಕೊಳ್ಳಿ. ಸಾಲದಿದ್ದರೆ ವಿಷಯವನ್ನು ಮುಂದಿನ ಸಭೆಗೆ ಹಾಕಿ.

ನಡಾವಳಿಯನ್ನು ಬರೆಯುವವರು ನೀವೇ ಆದ್ದರಿಂದ ಒಂದು ಮಾದರಿ ಕೊಡುತ್ತೇನೆ. ‘ಚಾವಣಿ ದುರಸ್ತಿ ವಿಷಯವನ್ನು ಎತ್ತಿಕೊಳ್ಳುವ ಮೊದಲು, ಕೊಟೇಶನ್ ಕೊಟ್ಟವರಲ್ಲಿ ಒಬ್ಬರು ತಮ್ಮ ಪತ್ನಿಯ ತಮ್ಮನೆಂದು ಅಧ್ಯಕ್ಷರು ತಿಳಿಸಿದರು. ಆ ವ್ಯವಹಾರದಲ್ಲಿ ತಮ್ಮ ಹಣ ತೊಡಗಿಲ್ಲವೆಂದು ಸದಸ್ಯರ ಪ್ರಶ್ನೆಗೆ ಉತ್ತರಿಸಿದರು. ಸಂಜೆ 6.20ಕ್ಕೆ ಹೊರಗೆ ಹೋದರು. ಉಪಾಧ್ಯಕ್ಷರು ಸಭೆ ನಡೆಸಿದರು. ಐವರು ಸದಸ್ಯರು ಹಾಜರಿದ್ದು ಕೋರಂ ಇತ್ತು. ಮೂರು ಕೊಟೇಶನ್‌ಗಳನ್ನು ಸಾಮಗ್ರಿ, ಅವಧಿ, ಗ್ಯಾರಂಟಿ ಮತ್ತು ದರದ ಮೇಲೆ ಹೋಲಿಸಲಾಯಿತು. ಹೋಲಿಕೆ ಪಟ್ಟಿ ಲಗತ್ತಿಸಿದೆ. ಇಂಥ ಕಾರಣಗಳಿಗಾಗಿ ಇಂಥವರಿಗೆ ಕೆಲಸ ವಹಿಸಲು ನಾಲ್ವರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಅಧ್ಯಕ್ಷರು 6.50ಕ್ಕೆ ಹಿಂದಿರುಗಿದರು.’ ಇಷ್ಟು ಸಾಕು. ‘ವಿಷಯ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದೇ ಸಾಲು ಹತ್ತು ವರ್ಷದ ನಂತರ ಯಾರನ್ನೂ ಕಾಪಾಡುವುದಿಲ್ಲ. ಬರೆಯುವುದನ್ನು ತಡ ಮಾಡಬೇಡಿ. ಅಮೆರಿಕದ ತೆರಿಗೆ ನಿಯಮಗಳು ಇದರ ಬೆಲೆಯನ್ನು ಸ್ಪಷ್ಟವಾಗಿ ಹೇಳುತ್ತವೆ. ಅಲ್ಲಿ ಚಾರಿಟಿಯೊಂದು ತನ್ನ ಒಳಗಿನವರಿಗೆ ಹಣ ಕೊಡುವಾಗ, ಸಂಘರ್ಷವಿಲ್ಲದ ಸದಸ್ಯರೇ ಒಪ್ಪಿಗೆ ಕೊಟ್ಟಿದ್ದರೆ, ಹೊರಗಿನ ದರಗಳೊಂದಿಗೆ ಹೋಲಿಸಿದ್ದರೆ, ಅದನ್ನು ಆಗಲೇ ದಾಖಲಿಸಿದ್ದರೆ, ಕೊಟ್ಟದ್ದು ನ್ಯಾಯವಾದ ಮೊತ್ತ ಎಂದೇ ಮೊದಲು ಭಾವಿಸಲಾಗುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ತೆರಿಗೆ ಇಲಾಖೆಯ ಮೇಲೆ ಬೀಳುತ್ತದೆ. ದಾಖಲೆಗೆ ಗಡುವು ಕೂಡ ಇದೆ: ಮುಂದಿನ ಸಭೆ ಅಥವಾ 60 ದಿನ, ಯಾವುದು ತಡವೋ ಅದು. ಹೆಚ್ಚಿಗೆ ಕೊಟ್ಟದ್ದು ಸಾಬೀತಾದರೆ ಆ ಹೆಚ್ಚುವರಿಯ ಮೇಲೆ ಪಡೆದವನಿಗೆ ಶೇ. 25 ತೆರಿಗೆ, ಸರಿಪಡಿಸದಿದ್ದರೆ ಶೇ. 200. ಚರ್ಚುಗಳಿಗೂ ಇದು ಅನ್ವಯಿಸುತ್ತದೆ.

ಆದರೆ ಕೊಟೇಶನ್ ಆಯ್ಕೆಯಾದ ದಿನಕ್ಕೆ ಎಲ್ಲ ಮುಗಿಯಿತು ಅಂದುಕೊಂಡರೆ ಕೆಟ್ಟಿರಿ. ನನ್ನ ಅನುಭವದಲ್ಲಿ ತೊಂದರೆ ಹುಟ್ಟುವುದು ಅದರ ಹಿಂದೆ ಮತ್ತು ಮುಂದೆ. ಹಿಂದೆ ಅಂದರೆ, ಕೆಲಸದ ವಿವರ ಪಟ್ಟಿಯನ್ನು ಬರೆದವರು ಯಾರು? ‘ಚಾವಣಿ ರಿಪೇರಿ’ ಎಂದಷ್ಟೇ ಬರೆದು ಮೂವರಿಗೆ ಕೊಟ್ಟರೆ ಒಬ್ಬ ಹಾಳಾದ ಶೀಟುಗಳನ್ನು ಮಾತ್ರ ಲೆಕ್ಕ ಹಾಕುತ್ತಾನೆ, ಇನ್ನೊಬ್ಬ ತೊಲೆಗಳನ್ನೂ ಸೇರಿಸುತ್ತಾನೆ. ಎರಡು ಬೇರೆ ಬೇರೆ ಕೆಲಸದ ದರಗಳನ್ನು ಅಕ್ಕಪಕ್ಕ ಇಟ್ಟು ‘ಇದು ಕಡಿಮೆ’ ಎಂದರೆ ಅದು ಹೋಲಿಕೆಯಲ್ಲ. ಮೂವರಿಗೂ ಒಂದೇ ಅಳತೆಯ, ಒಂದೇ ಸಾಮಗ್ರಿಯ ಪಟ್ಟಿ ಹೋಗಿತ್ತೇ ಎಂದು ನೋಡಿ. ಎಲ್ಲ ಕೊಟೇಶನ್‌ಗಳೂ ಮುಚ್ಚಿದ ಲಕೋಟೆಯಲ್ಲಿ ಬಂದು ಒಟ್ಟಿಗೇ ತೆರೆದವೇ, ಅಥವಾ ಬೇರೆಯವರ ದರ ಗೊತ್ತಾದ ಮೇಲೆ ಒಂದು ಬಂತೇ? ಕೊನೆಯಲ್ಲಿ ಬಂದ ಕೊಟೇಶನ್ ಚೂರೇ ಚೂರು ಕಡಿಮೆ ಇದ್ದರೆ ಎಲ್ಲವನ್ನೂ ಬದಿಗಿಟ್ಟು ಹೊಸದಾಗಿ ಕರೆಯುವುದೇ ಲೇಸು.

ಮುಂದೆ ಅಂದರೆ ಕೆಲಸ ನಡೆಯುವಾಗ. ಅರ್ಧ ಚಾವಣಿ ಬಿಚ್ಚಿದ ಮೇಲೆ ‘ಒಳಗೆ ಮರ ಗೆದ್ದಲು ಹಿಡಿದಿದೆ, ಇದಕ್ಕೆ ಬೇರೆ ಆಗುತ್ತದೆ’ ಎಂಬ ಮಾತು ಬಂದೇ ಬರುತ್ತದೆ. ಅದು ನಿಜವೂ ಇರಬಹುದು. ಆದರೆ ಆಗ ತೀರ್ಮಾನ ಮಾಡುವವರು ಯಾರು? ಮಳೆ ಬರುವ ಹಾಗಿದೆ, ಕಮಿಟಿ ಸೇರಲು ಸಮಯವಿಲ್ಲ, ಗುತ್ತಿಗೆದಾರ ಫೋನ್ ಮಾಡುವುದು ತನಗೆ ಗೊತ್ತಿರುವವರಿಗೆ, ಅಂದರೆ ಅಧ್ಯಕ್ಷರಿಗೆ. ಅವರು ‘ಮಾಡು, ಆಮೇಲೆ ಹೇಳುತ್ತೇನೆ’ ಅನ್ನುತ್ತಾರೆ. ಬಾಗಿಲ ಹೊರಗೆ ನಿಂತು ಕಾಪಾಡಿಕೊಂಡ ಮರ್ಯಾದೆಯೆಲ್ಲ ಆ ಒಂದು ಫೋನ್ ಕರೆಯಲ್ಲಿ ಹೋಯಿತು. ಹೀಗಾಗಿ ಕೆಲಸ ಒಪ್ಪಿಸುವ ದಿನವೇ ಮೂರು ವಿಷಯ ತೀರ್ಮಾನಿಸಿ. ಕೆಲಸದ ಉಸ್ತುವಾರಿಗೆ ಗುತ್ತಿಗೆದಾರನಿಗೆ ನೆಂಟನಲ್ಲದ ಒಬ್ಬ ಸದಸ್ಯರು. ಹೆಚ್ಚುವರಿ ಕೆಲಸವನ್ನು ಅವರು ಕಣ್ಣಾರೆ ಕಂಡು, ಫೋಟೋ ಇಟ್ಟು, ಮತ್ತೊಬ್ಬರ ಸಹಿಯೊಂದಿಗೆ ಒಪ್ಪಬೇಕು. ಇಂತಿಷ್ಟು ಮೊತ್ತ ಮೀರಿದರೆ ಕಮಿಟಿಗೇ ಬರಬೇಕು. ಬಿಲ್ಲಿನ ಚೆಕ್ಕಿಗೆ ಅಧ್ಯಕ್ಷರು ಸಹಿ ಮಾಡುವ ಹಾಗಿಲ್ಲ. ಅವರೇ ಸಾಮಾನ್ಯವಾಗಿ ಸಹಿ ಮಾಡುವವರಾಗಿದ್ದರೆ ಈ ಕೆಲಸದ ಮಟ್ಟಿಗೆ ಬೇರೆಯವರು.

ಪಾಸ್ಟರ್ ಅವರ ಪತ್ನಿಯ ವಿಷಯ ಬೇರೆ ಬಗೆಯದು. ಇದು ಒಂದು ದಿನದ ತೀರ್ಮಾನವಲ್ಲ, ದಿನದಿನದ ವ್ಯವಸ್ಥೆ. ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಸಂಬಳ ಎಷ್ಟು ಎಂದು ನಿಗದಿ ಮಾಡಿದವರು ಯಾರು ಎಂಬುದು ಒಂದು. ಪಾಸ್ಟರ್ ಆ ಸಭೆಯಲ್ಲಿ ಇರಬಾರದು, ಅವರ ಕೈಕೆಳಗೆ ಕೆಲಸ ಮಾಡುವವರೂ ಇರಬಾರದು. ಇನ್ನೊಂದು, ಅವರ ಕೆಲಸವನ್ನು ನೋಡುವವರು ಯಾರು? ನಾನು ಒಬ್ಬ ಲೆಕ್ಕಿಗರ ಕೈಯಲ್ಲಿ ನಾಲ್ಕೂ ಕೆಲಸ ಇರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ: ಕಾಣಿಕೆ ಎಣಿಸುವುದು, ಬ್ಯಾಂಕಿಗೆ ಕಟ್ಟುವುದು, ಪುಸ್ತಕ ಬರೆಯುವುದು, ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆ ನೋಡುವುದು. ನಾಲ್ಕೂ ಒಬ್ಬರಲ್ಲಿ ಸೇರಿದರೆ ತಪ್ಪು ಕಣ್ಣಿಗೆ ಬೀಳುವ ದಾರಿಯೇ ಇಲ್ಲ. ಕೈ ಎಷ್ಟೇ ಶುದ್ಧವಾಗಿರಲಿ, ಒಂದು ಸೊನ್ನೆ ಆಚೀಚೆ ಆದರೆ ಅದು ವರ್ಷಗಟ್ಟಲೆ ಹಾಗೇ ಉಳಿದೀತು. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ ಅಲ್ಲಿಯೇ ಒಬ್ಬರಿಗೊಬ್ಬರು ಸಂಬಂಧಿಗಳಲ್ಲದ ಇಬ್ಬರು ಎಣಿಸಿ, ಚೀಟಿಗೆ ಇಬ್ಬರೂ ಸಹಿ ಮಾಡಲಿ. ಪ್ರತಿ ವಾರ ಅದೇ ಜೋಡಿ ಬೇಡ, ಸರದಿ ಹಾಕಿ. ಲೆಕ್ಕಿಗರು ಬರೆಯಲಿ, ಎಣಿಸುವುದು ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್ ನೇರವಾಗಿ ಸಹಿ ಅಧಿಕಾರವಿಲ್ಲದ ಒಬ್ಬ ಸದಸ್ಯರಿಗೆ ಹೋಗಲಿ. ಅವರು ಪ್ರತಿ ತಿಂಗಳು ಚೀಟಿಗಳನ್ನು ಅದರ ಪಕ್ಕಕ್ಕಿಟ್ಟು ನೋಡಲಿ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಲೆಕ್ಕ ಬರೆಯುವ ಹೆಣ್ಣುಮಗಳ ಮೇಲಿರುವ ಭಾರವೂ ಎಷ್ಟೋ ಇಳಿಯುತ್ತದೆ. ಪಾಸ್ಟರ್ ಅವರ ಖರ್ಚಿನ ವೋಚರನ್ನು ಅವರ ಪತ್ನಿಯೇ ಪಾಸು ಮಾಡಬೇಕಾದ ಇಕ್ಕಟ್ಟು ಆಕೆಗೂ ಸುಖದ್ದಾಗಿರಲಾರದು. ಅವರಿಬ್ಬರನ್ನು ಕೂರಿಸಿಕೊಂಡು ಇದನ್ನು ಪ್ರೀತಿಯಿಂದ ಹೇಳಿ. ಬಹುಶಃ ಅವರೇ ನಿಟ್ಟುಸಿರು ಬಿಟ್ಟಾರು.

ಚರ್ಚುಗಳಿಗೆ ಈ ಎಚ್ಚರ ಹೊಸದೇನಲ್ಲ, ಹೊರಗಿನಿಂದ ತಂದು ಹೇರಿದ್ದೂ ಅಲ್ಲ. ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯನ್ನು ತೆರೆದು ನೋಡಿ. 1298ನೇ ನಿಯಮದ ಪ್ರಕಾರ, ಅಲ್ಪಸ್ವಲ್ಪದ ವಿಷಯ ಬಿಟ್ಟರೆ, ಚರ್ಚಿನ ಆಸ್ತಿಯನ್ನು ಅದರ ಆಡಳಿತಗಾರರಿಗಾಗಲಿ ನಾಲ್ಕನೇ ಹಂತದವರೆಗಿನ (ಉದಾಹರಣೆಗೆ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳಷ್ಟು ದೂರದ) ಅವರ ರಕ್ತಸಂಬಂಧಿಗಳಿಗೆ ಅಥವಾ ಮದುವೆಯಿಂದಾದ ಸಂಬಂಧಿಗಳಿಗಾಗಲಿ, ಮೇಲಿನ ಅಧಿಕಾರಿಯ ವಿಶೇಷ ಲಿಖಿತ ಅನುಮತಿಯಿಲ್ಲದೆ ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ. 492ನೇ ನಿಯಮ ಬಿಷಪರ ಹಣಕಾಸು ಸಮಿತಿಯಿಂದ ಅವರ ಇಂಥದೇ ಬಂಧುಗಳನ್ನು ಹೊರಗಿಡುತ್ತದೆ. 537ನೇ ನಿಯಮ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ. ಇತ್ತ ಅಮೆರಿಕದ ಇವ್ಯಾಂಜೆಲಿಕಲ್ (ಸುವಾರ್ತಾ ಪಂಥದ) ಸಂಸ್ಥೆಗಳು ತಮ್ಮ ಹಣಕಾಸಿನ ನಡತೆಗೆ ತಾವೇ ಒಂದು ಮಂಡಳಿಯನ್ನು 1979ರಲ್ಲಿ ಕಟ್ಟಿಕೊಂಡವು. ಆ ಮಂಡಳಿಯ ಸದಸ್ಯತ್ವ ಬೇಕೆಂದರೆ ಆಡಳಿತ ಮಂಡಳಿಯಲ್ಲಿ ಕನಿಷ್ಠ ಐದು ಜನ ಇರಬೇಕು, ಹೆಚ್ಚಿನವರು ಸ್ವತಂತ್ರರಾಗಿರಬೇಕು, ವರ್ಷಕ್ಕೆ ಎರಡು ಬಾರಿಯಾದರೂ ಸೇರಬೇಕು. ಸ್ವತಂತ್ರರು ಅಂದರೆ ಅಲ್ಲಿ ಸಂಬಳಕ್ಕಿರುವವರೋ ಅವರ ಕುಟುಂಬದವರೋ ಅಲ್ಲದವರು.

ನಿಮ್ಮ ಹಿರಿಯರು ನಂಬಿಕೆಯ ಮಾತೆತ್ತಿದ್ದರಿಂದ ಅವರ ಎದುರು ಕಾನೂನು ಪುಸ್ತಕಕ್ಕಿಂತ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೇ ಅಧ್ಯಾಯವನ್ನು ತೆರೆದಿಡಿ. ಯೆರೂಸಲೇಮಿನ ಬಡವರಿಗಾಗಿ ಬೇರೆ ಬೇರೆ ಊರಿನ ಕ್ರೈಸ್ತ ಸಭೆಗಳು ಕೂಡಿಸಿದ ಹಣವನ್ನು ಸಾಗಿಸುವ ಸಂದರ್ಭ. ಪತ್ರ ಬರೆದ ಪೌಲ ಅಪೊಸ್ತಲನೇ. ಆದರೂ ಆತ ಹಣವನ್ನು ಒಬ್ಬನೇ ಹೊರಲಿಲ್ಲ. ತೀತನನ್ನು ಕಳುಹಿಸಿದ, ಜೊತೆಗೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು, ಅದೂ ಸಾಲದೆ ಇನ್ನೊಬ್ಬನನ್ನು. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸದ ಹಾಗೆ ಎಚ್ಚರ ವಹಿಸುತ್ತಿದ್ದೇವೆ, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾದದ್ದನ್ನೇ ಮಾಡಲು ನೋಡುತ್ತಿದ್ದೇವೆ ಎಂಬುದು ಆತ ಕೊಟ್ಟ ಕಾರಣದ ಸಾರ. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಸಹೋದರನನ್ನು ಆರಿಸಿದವರು ಯಾರು ಎಂಬುದು. ಪೌಲ ತನಗೆ ಬೇಕಾದವನನ್ನು ಸಾಕ್ಷಿಗೆ ಕರೆದುಕೊಳ್ಳಲಿಲ್ಲ, ಕೊಟ್ಟವರೇ ಆರಿಸಿದರು. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿಯೂ ಇಂಥದೇ ಒಂದು ಸೂಕ್ಷ್ಮವಿದೆ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಆಗ ಹಂಚಿಕೆ ನೋಡಿಕೊಳ್ಳಲು ಆರಿಸಿದ ಏಳು ಜನರ ಹೆಸರನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ, ಅವರ ಮಾತಿನವರ ಕೈಗೇ ಹೊಣೆ ಕೊಟ್ಟ ಹಾಗೆ ಕಾಣುತ್ತದೆ. ಆ ಅಧ್ಯಾಯವನ್ನು ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಈಗ ನೀವು ಕೇಳದೇ ಇರುವ ಒಂದು ವಿಷಯ. ನಿಮ್ಮ ಪತ್ರದಲ್ಲಿ ನನಗೆ ಚಾವಣಿಗಿಂತ ಹೆಚ್ಚು ಆತಂಕ ತಂದದ್ದು ‘ಎರಡರಲ್ಲೂ ಹೆಚ್ಚುಕಡಿಮೆ ಅದೇ ಜನ’ ಎಂಬ ಸಾಲು. ಇಲ್ಲಿ ಯಾರ ಜೇಬಿಗೂ ಒಂದು ಪೈಸೆ ಹೋಗಬೇಕಿಲ್ಲ, ಆದರೂ ಸಂಘರ್ಷವಿದೆ. ಇದನ್ನು ನಿಷ್ಠೆಯ ಸಂಘರ್ಷ ಅನ್ನುತ್ತಾರೆ. ನಾಳೆ ಚಾವಣಿಗೆ ಹಣ ಸಾಲದೆ ಬರುತ್ತದೆ. ಟ್ರಸ್ಟಿನ ಖಾತೆಯಲ್ಲಿ ಮಕ್ಕಳ ಓದಿನ ಹಣ ಮುಂದಿನ ಶಾಲಾ ವರ್ಷದವರೆಗೆ ಸುಮ್ಮನೆ ಇರುತ್ತದೆ. ‘ಮೂರು ತಿಂಗಳ ಮಟ್ಟಿಗೆ ಕೈಸಾಲ, ಕಾಣಿಕೆ ಬಂದ ಮೇಲೆ ವಾಪಸ್’ ಎಂದು ಯಾರೋ ಹೇಳುತ್ತಾರೆ. ಎರಡೂ ಕಮಿಟಿಯಲ್ಲಿ ಅದೇ ಜನ ಇರುವುದರಿಂದ ಬೇಡ ಅನ್ನುವವರಿಲ್ಲ. ಆದರೆ ಆ ಹಣ ಕೊಟ್ಟವರು ಕೊಟ್ಟದ್ದು ಮಕ್ಕಳಿಗೆ. ಅದನ್ನು ಚಾವಣಿಗೆ ಹಾಕುವುದು, ಕೆಲವು ತಿಂಗಳ ಮಟ್ಟಿಗಾದರೂ, ಆ ಮಕ್ಕಳ ಹೆಸರಿನಲ್ಲಿ ಸಾಲದ ಅಪಾಯ ಹೊರುವುದು. ಟ್ರಸ್ಟಿಯಾಗಿ ಕೂತಾಗ ನಿಮ್ಮ ಮುಂದಿರುವ ಪ್ರಶ್ನೆ ಒಂದೇ: ಇದು ಮಕ್ಕಳಿಗೆ ಒಳ್ಳೆಯದೇ? ಚರ್ಚಿಗೆ ಒಳ್ಳೆಯದೇ ಎಂಬುದು ಆ ಕೋಣೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಸಾಧ್ಯವಾದಷ್ಟು ಬೇಗ ಟ್ರಸ್ಟಿಗೆ ಚರ್ಚಿನ ಕಮಿಟಿಯಲ್ಲಿಲ್ಲದ ಇಬ್ಬರು ಮೂವರನ್ನು ತನ್ನಿ: ಒಬ್ಬ ಶಿಕ್ಷಕಿ, ಹಿಂದೆ ನೆರವು ಪಡೆದು ಓದಿ ಕೆಲಸಕ್ಕೆ ಸೇರಿದ ಒಬ್ಬ ಯುವಕ, ಇಂಥವರು. ಬ್ಯಾಂಕ್ ಖಾತೆ, ನಡಾವಳಿ ಪುಸ್ತಕ, ಸಭೆಯ ದಿನ ಎಲ್ಲ ಬೇರೆ ಬೇರೆ ಇರಲಿ. ನೆರವಿಗೆ ಅರ್ಜಿ ಹಾಕಿದ ಮಗು ಸದಸ್ಯರೊಬ್ಬರ ನೆಂಟರ ಮನೆಯದಾದರೆ ಅಲ್ಲಿಯೂ ಅದೇ ಕ್ರಮ: ಹೇಳಿ, ಹೊರಗೆ ಹೋಗಿ, ಬರೆದಿಡಿ. ಅರ್ಹ ಮಗುವಿಗೆ ನೆಂಟಸ್ತಿಕೆಯ ಕಾರಣಕ್ಕೆ ನೆರವು ತಪ್ಪಿಸುವುದೂ ಅನ್ಯಾಯವೇ.

ಸಂಸ್ಥೆಗೆ ಸದಸ್ಯರೇ ಸಾಲ ಕೊಡುವುದು, ತಮ್ಮ ಜಾಗವನ್ನು ಬಾಡಿಗೆಗೆ ಕೊಡುವುದು, ದೊಡ್ಡ ದಾನಿಯೊಬ್ಬರು ‘ನನ್ನ ಮಗನನ್ನು ಕಮಿಟಿಗೆ ತೆಗೆದುಕೊಳ್ಳಿ’ ಎನ್ನುವುದು, ಇವಕ್ಕೂ ಅದೇ ಕಣ್ಣು ಬೇಕು. ‘ನಾನು ಕೊಡುತ್ತಿದ್ದೇನೆಯೇ ಹೊರತು ತೆಗೆದುಕೊಳ್ಳುತ್ತಿಲ್ಲವಲ್ಲ’ ಎನ್ನುವವರಿಗೆ ಬಡ್ಡಿ ದರ, ಮರುಪಾವತಿಯ ಷರತ್ತು, ಬಾಡಿಗೆ ಕರಾರು ಇವನ್ನು ತೋರಿಸಿ. ಕೊಡುವವರು ಸಂಸ್ಥೆಯಿಂದ ಹಣ ಪಡೆಯಬೇಕಾದವರೂ ಹೌದು.

ಇದನ್ನೆಲ್ಲ ಪ್ರತಿ ಸಲ ಹೊಸದಾಗಿ ಎತ್ತಿದರೆ ಪ್ರತಿ ಸಲವೂ ಯಾರದೋ ಮನಸ್ಸು ನೋಯುತ್ತದೆ. ಅದಕ್ಕೇ ಮೊದಲೇ ಒಂದು ನೀತಿ ಬೇಕು. ಎರಡು ಪುಟ ಮೀರಬೇಕಿಲ್ಲ. ಯಾರು ಯಾರು ಸಂಬಂಧಿಗಳ ಲೆಕ್ಕಕ್ಕೆ ಬರುತ್ತಾರೆ, ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನು ನಡೆಯಬೇಕು, ಅಧ್ಯಕ್ಷರದೇ ಸಂಘರ್ಷವಾದರೆ ಯಾರು ನೋಡಬೇಕು, ಹೇಳದೆ ಮುಚ್ಚಿಟ್ಟರೆ ಏನು, ಇಷ್ಟು ಸಾಕು. ವರ್ಷಕ್ಕೊಮ್ಮೆ ಎಲ್ಲ ಸದಸ್ಯರೂ, ಪಾಸ್ಟರ್ ಮತ್ತು ಸಂಬಳದವರೂ ಸೇರಿ, ತಮ್ಮ ವ್ಯವಹಾರ, ಉದ್ಯೋಗ, ಬೇರೆ ಸಂಸ್ಥೆಗಳ ಸದಸ್ಯತ್ವ, ಹತ್ತಿರದ ಬಂಧುಗಳ ವ್ಯವಹಾರಗಳನ್ನು ಬರೆದು ಸಹಿ ಮಾಡಿ ಕೊಡಲಿ. ಅದನ್ನು ಒಂದು ರಿಜಿಸ್ಟರಿನಲ್ಲಿ ಇಡಿ. ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಪ್ರಾರ್ಥನೆ, ಹಿಂದಿನ ನಡಾವಳಿ ಆದ ಮೇಲೆ ‘ಇಂದಿನ ವಿಷಯಗಳಲ್ಲಿ ಯಾರಿಗಾದರೂ ಹಿತಾಸಕ್ತಿ ಇದೆಯೇ’ ಎಂಬ ಸಾಲು ಖಾಯಂ ಇರಲಿ. ಎಲ್ಲರಿಗೂ ಕೇಳುವ ಪ್ರಶ್ನೆ ಯಾರಿಗೂ ಚುಚ್ಚುವುದಿಲ್ಲ. ಮೊದಲ ಫಾರಂ ನೀವೇ ತುಂಬಿ ಕೊಡಿ. ಹೇಳಲು ಏನೂ ಇಲ್ಲದಿದ್ದರೂ ‘ಇಲ್ಲ’ ಎಂದು ಬರೆದು ಸಹಿ ಮಾಡಿ.

ಸಣ್ಣ ಚರ್ಚುಗಳವರು ಕೇಳುವ ಮಾತೊಂದಿದೆ: ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ, ಹೊರಗೆ ಹೋದರೆ ಒಳಗೆ ಉಳಿಯುವವರು ಯಾರು? ನಿಜವಾದ ಕಷ್ಟ ಇದು. ಹಾಗಿದ್ದಲ್ಲಿ ದೂರದ ನೆಂಟಸ್ತಿಕೆ ಇರುವವರು ಹೇಳಿ ಕೂತುಕೊಳ್ಳಬಹುದು, ಹಣದ ಲಾಭ ನೇರವಾಗಿ ಇರುವವರು ಮತ್ತು ಒಂದೇ ಮನೆಯವರು ಮಾತ್ರ ಹೊರಗೆ ಹೋಗಬಹುದು. ಉಳಿದವರು ತೀರ ಕಡಿಮೆಯಾದರೆ ಪಕ್ಕದ ಚರ್ಚಿನ ಇಬ್ಬರು ಹಿರಿಯರನ್ನು ಆ ವಿಷಯದ ಮಟ್ಟಿಗೆ ಅಭಿಪ್ರಾಯ ಕೊಡಲು ಕರೆಯಿರಿ, ಇಲ್ಲವೇ ಮೇಲಿನ ಮಂಡಳಿಯ ಒಪ್ಪಿಗೆ ಪಡೆಯಿರಿ, ಇಲ್ಲವೇ ಸದಸ್ಯರೆಲ್ಲರ ಸಾಮಾನ್ಯ ಸಭೆಯ ಮುಂದೆ ಮೂರೂ ಕೊಟೇಶನ್‌ಗಳನ್ನು ಇಡಿ. ಒಂದೇ ಕುಟುಂಬದವರು ಕಮಿಟಿಯಲ್ಲಿ ಇಷ್ಟೇ ಜನ ಇರಬಹುದು, ಒಬ್ಬರು ಒಂದು ಹುದ್ದೆಯಲ್ಲಿ ಇಷ್ಟೇ ವರ್ಷ ಇರಬಹುದು ಎಂಬ ಮಿತಿಯನ್ನು ಬೈಲಾದಲ್ಲಿ ಸೇರಿಸುವುದು ಇದಕ್ಕೆ ದೀರ್ಘಕಾಲದ ಪರಿಹಾರ. ಎರಡು ದಶಕ ಒಬ್ಬರೇ ಖಜಾಂಚಿಯಾಗಿರುವುದು ಅವರ ಸೇವೆಗೆ ಗೌರವ ಎಂದು ಬಹಳ ಜನ ತಿಳಿಯುತ್ತಾರೆ. ಅವರ ನಂತರ ಬರುವವರಿಗೆ ಪುಸ್ತಕ ಅರ್ಥವಾಗದೆ ಒದ್ದಾಡುವುದನ್ನು ನೋಡಿದ ಮೇಲೆ ನಾನು ಹಾಗೆ ತಿಳಿಯುವುದನ್ನು ಬಿಟ್ಟಿದ್ದೇನೆ.

ಹಿಂದೆ ಹೇಳದೆ ನಡೆದುಹೋದ ವ್ಯವಹಾರಗಳು ಇದ್ದಾವು. ನೀತಿ ಒಪ್ಪಿದ ಮೊದಲ ಸಭೆಯಲ್ಲಿ ಎಲ್ಲರಿಗೂ ಒಂದು ಅವಕಾಶ ಕೊಡಿ: ಈಗ ನಡೆಯುತ್ತಿರುವ ಯಾವುದೇ ಕರಾರಿನಲ್ಲಿ ಯಾರಿಗೆ ಏನು ಸಂಬಂಧ ಇದೆಯೋ ಹೇಳಲಿ. ಹೇಳಿದ್ದನ್ನು ಬರೆದುಕೊಳ್ಳಿ, ದರ ನ್ಯಾಯವೇ ಎಂದು ಉಳಿದವರು ನೋಡಲಿ, ನ್ಯಾಯವಾಗಿದ್ದರೆ ಅನುಮೋದಿಸಲಿ, ಹೆಚ್ಚಿದ್ದರೆ ವಾಪಸ್ ಕೇಳಲಿ. ಹಳೆಯ ನಡಾವಳಿಯ ಪುಟವನ್ನು ಮಾತ್ರ ತಿದ್ದಬೇಡಿ. ಇಂದಿನ ತಾರೀಖಿನಲ್ಲಿ ಇಂದು ತಿಳಿದದ್ದನ್ನು ಬರೆಯಿರಿ.

ಇಷ್ಟು ಹೇಳಿಯೂ ಕಮಿಟಿ ಒಪ್ಪದಿದ್ದರೆ? ಮೊದಲು ಅಧ್ಯಕ್ಷರನ್ನು ಅವರ ಮನೆಯಲ್ಲಿ ಒಬ್ಬರೇ ಭೇಟಿಯಾಗಿ. ಎಲ್ಲರ ಎದುರು ಅವರಿಗೆ ಇರುಸುಮುರುಸಾಗಬಾರದು. ‘ಈ ವಿಷಯದಲ್ಲಿ ನಾನು ಕೂರುವುದಿಲ್ಲ’ ಎಂಬ ಮಾತು ಅವರ ಬಾಯಿಂದಲೇ ಬಂದರೆ ಅದಕ್ಕಿಂತ ದೊಡ್ಡ ಮೇಲ್ಪಂಕ್ತಿ ಇಲ್ಲ. ಅವರು ಒಪ್ಪದೆ ಸಭೆಯಲ್ಲಿ ಕೂತರೆ, ನಿಮ್ಮ ಮತ ಹಾಕುವ ಮುನ್ನ ನಿಮ್ಮ ಅಭಿಪ್ರಾಯವನ್ನು ಶಾಂತವಾಗಿ ಹೇಳಿ, ಅದನ್ನು ನಡಾವಳಿಯಲ್ಲಿ ನಿಮ್ಮ ಹೆಸರಿನೊಂದಿಗೆ ದಾಖಲಿಸಿ. ಕಾರ್ಯದರ್ಶಿಯಾಗಿ ಪುಸ್ತಕ ನಿಮ್ಮ ಕೈಯಲ್ಲೇ ಇರುವುದರಿಂದ ಒಂದು ಎಚ್ಚರ: ನಡೆದದ್ದನ್ನಷ್ಟೇ ಬರೆಯಿರಿ, ನಿಮ್ಮ ಸಿಟ್ಟನ್ನು ಬರೆಯಬೇಡಿ. ನಂತರ ಆಡಿಟರಿಗೆ ಲಿಖಿತವಾಗಿ ತಿಳಿಸಿ, ಬೈಲಾದಲ್ಲಿ ದಾರಿಯಿದ್ದರೆ ಮೇಲಿನ ಮಂಡಳಿಗೂ ತಿಳಿಸಿ. ಚರ್ಚಿನ ಆವರಣದಲ್ಲಿ ಗುಂಪು ಕಟ್ಟಿ ಮಾತಾಡುವುದು, ವಾಟ್ಸಾಪ್‌ನಲ್ಲಿ ಹಾಕುವುದು ಬೇಡವೇ ಬೇಡ. ಅದು ಶುರುವಾದರೆ ಜನ ಚಾವಣಿಯನ್ನೂ ಲೆಕ್ಕವನ್ನೂ ಮರೆತು ಪಕ್ಷ ಹಿಡಿಯುತ್ತಾರೆ. ಸದ್ಯಕ್ಕೆ ಚಾವಣಿಯ ತೀರ್ಮಾನವನ್ನು ಒಂದು ಸಭೆಯಷ್ಟು ಮುಂದೂಡಲು ಕೇಳಿ, ಆ ಅವಧಿಯಲ್ಲಿ ಒಂದೇ ವಿವರ ಪಟ್ಟಿಯನ್ನು ಮೂವರಿಗೂ ಕಳುಹಿಸಿ ಹೊಸ ಕೊಟೇಶನ್ ತರಿಸಿ. ಅಧ್ಯಕ್ಷರ ಭಾಮೈದನಿಗೂ ಕಳುಹಿಸಿ.